ಬಿಲ್ ಓದುವುದೂ ರಾಜಕೀಯವೇ: ಸೂಪರ್‌ಮಾರ್ಕೆಟ್ ಕೌಂಟರ್‌ನಲ್ಲಿ ಸೋರಿಹೋಗುವ ಹತ್ತು ರೂಪಾಯಿಯ ಲೆಕ್ಕ

2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಇಳಿದವು. ಸೋಪು, ಶಾಂಪೂ, ಟೂತ್‌ಪೇಸ್ಟ್, ಬಿಸ್ಕತ್ತು 18%ರಿಂದ 5%ಕ್ಕೆ ಬಂದವು. ಬೆಣ್ಣೆ, ತುಪ್ಪ, ಚೀಸ್ 12%ರಿಂದ 5%ಕ್ಕೆ ಇಳಿದವು. ಪ್ಯಾಕೆಟ್ ಪನೀರ್‌ಗೆ ತೆರಿಗೆಯೇ ಇಲ್ಲವಾಯಿತು. ಪ್ರಧಾನಿ ಇದನ್ನು ಉಳಿತಾಯದ ಉತ್ಸವ ಎಂದು ಕರೆದರು. ಪತ್ರಿಕೆಗಳ ತುಂಬ ಪೂರ್ತಿ ಪುಟದ ಜಾಹೀರಾತು ಬಂತು, ಸೂಪರ್‌ಮಾರ್ಕೆಟ್‌ಗಳ ಬಾಗಿಲಲ್ಲಿ ಫ್ಲೆಕ್ಸ್ ಬಿತ್ತು.

ಆದರೆ ಒಂದು ಸರಳ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಆ ಇಳಿಕೆ ನಿಮ್ಮ ಬಿಲ್‌ಗೆ ಬಂತಾ? ಬಂದಿದ್ದರೆ ಪೂರ್ತಿ ಬಂತಾ, ಅರ್ಧ ಬಂತಾ? ಅದನ್ನು ನೋಡಿಕೊಳ್ಳಬೇಕಾದವರು ಯಾರು?

ಉತ್ತರ ಹುಡುಕುತ್ತಾ ಹೋದರೆ ಸಿಗುವುದು ಏನು ಗೊತ್ತಾ? ಸರ್ಕಾರ ಕಾವಲು ಬಿಟ್ಟು ಎದ್ದು ಹೋಗಿದೆ, ಅಂಗಡಿಯವರು ಕಂಪ್ಯೂಟರ್ ಕಡೆ ಕೈ ತೋರಿಸುತ್ತಾರೆ. ಕೊನೆಗೆ ಲೆಕ್ಕ ನೋಡುವ ಕೆಲಸ ಕೌಂಟರ್ ಆಚೆ ಚೀಲ ಹಿಡಿದು ನಿಂತಿರುವ ನಮ್ಮ ತಲೆಗೇ ಬಂದಿದೆ. ಹಾಗಾಗಿ ಬಿಲ್ ಓದುವುದನ್ನು ಜಿಪುಣರ ಚಾಳಿ ಅಂತ ತಳ್ಳಿಹಾಕುವ ಕಾಲ ಮುಗಿಯಿತು.

ಕಂಪ್ಯೂಟರ್ ತಪ್ಪು ಮಾಡಲ್ವಾ?

ಬೀದಿಯ ಕಿರಾಣಿ ಅಂಗಡಿಯಲ್ಲಿ ಚೀಟಿ ಬರೆದು ಕೊಟ್ಟರೆ ನಮ್ಮಮ್ಮಂದಿರು ಅಲ್ಲೇ ನಿಂತು ಕೂಡಿ ನೋಡುತ್ತಿದ್ದರು. "ಬೇಳೆಗೆ ಯಾಕೆ ಇಷ್ಟು ಹಾಕಿದೀರಿ, ಹೋದ ವಾರ ಕಮ್ಮಿ ಇತ್ತಲ್ಲ" ಅಂತ ಕೇಳುವುದರಲ್ಲಿ ಸಂಕೋಚವೇ ಇರಲಿಲ್ಲ. ಅದೇ ಮನೆಯ ಮಕ್ಕಳು ಸೂಪರ್‌ಮಾರ್ಕೆಟ್‌ನಲ್ಲಿ ಮೊಳದುದ್ದದ ಬಿಲ್ ಮಡಚಿ ಜೇಬಿಗೆ ಹಾಕಿಕೊಂಡು ಬರುತ್ತೇವೆ. ಪ್ರಿಂಟ್ ಆಗಿ ಬಂದ ಅಂಕಿ ಸರಿಯಾಗೇ ಇರುತ್ತದೆ ಅನ್ನುವ ನಂಬಿಕೆ.

ಈ ನಂಬಿಕೆಗೆ ಆಧಾರ ಕಮ್ಮಿ. ಪ್ಯಾಕೆಟ್ ಮೇಲಿನ ಬಾರ್‌ಕೋಡ್‌ನಲ್ಲಿ ಬೆಲೆ ಇರುವುದೇ ಇಲ್ಲ. ಆ 13 ಅಂಕಿಗಳು ಇದು ಯಾವ ಕಂಪನಿಯ ಯಾವ ವಸ್ತು ಅಂತ ಮಾತ್ರ ಹೇಳುತ್ತವೆ. ಬೆಲೆ ಇರುವುದು ಅಂಗಡಿಯ ಕಂಪ್ಯೂಟರ್‌ನ ಪಟ್ಟಿಯಲ್ಲಿ. ಆ ಪಟ್ಟಿಯನ್ನು ತುಂಬುವವರು ಮನುಷ್ಯರು. ಆಫರ್‌ಗಳನ್ನು ಬೇರೆಯಾಗಿ, ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಹಾಕಿರುತ್ತಾರೆ. ರ‍್ಯಾಕ್ ಮೇಲೆ ಅಂಟಿಸಿರುವ ಬೆಲೆ ಚೀಟಿ ಮೂರನೆಯದು, ಅದನ್ನು ಅಂಟಿಸುವವರೂ ಬೇರೆಯವರೇ. ಈ ಮೂರೂ ಒಂದೇ ದಿನ ಒಂದೇ ಹೊತ್ತಿಗೆ ಬದಲಾದರೆ ಮಾತ್ರ ನೀವು ನೋಡಿದ ಬೆಲೆ, ಕೊಟ್ಟ ಬೆಲೆ ಒಂದೇ ಆಗಿರುತ್ತದೆ. ಭಾನುವಾರ ಮುಗಿದ ಆಫರ್‌ನ ಚೀಟಿ ಬುಧವಾರದವರೆಗೂ ರ‍್ಯಾಕ್‌ನಲ್ಲಿ ಇದ್ದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ನಮ್ಮ ದೇಶದಲ್ಲಿ ಇನ್ನೊಂದು ತೊಡಕಿದೆ. ಒಂದೇ ಬಾರ್‌ಕೋಡ್‌ನ ವಸ್ತು ಹಳೇ ಎಂಆರ್‌ಪಿಯಲ್ಲೂ ಹೊಸ ಎಂಆರ್‌ಪಿಯಲ್ಲೂ ಅಂಗಡಿಯಲ್ಲಿ ಒಟ್ಟಿಗೇ ಇರುತ್ತದೆ. ಅಂಥದ್ದನ್ನು ಸ್ಕ್ಯಾನ್ ಮಾಡಿದಾಗ ಕೌಂಟರ್‌ನ ಪರದೆ ಮೇಲೆ ಎರಡು ಮೂರು ಎಂಆರ್‌ಪಿಗಳ ಪಟ್ಟಿ ಬರುತ್ತದೆ. ಪ್ಯಾಕೆಟ್ ತಿರುಗಿಸಿ ನೋಡಿ ಸರಿಯಾದುದನ್ನು ಆರಿಸಬೇಕು. ತಿಂಗಳ ಮೊದಲ ಶನಿವಾರ ಸಂಜೆ, ಕ್ಯೂ ಬಾಗಿಲವರೆಗೆ ಬೆಳೆದಿರುವಾಗ ಅದನ್ನು ಪ್ರತಿ ಪ್ಯಾಕೆಟ್‌ಗೂ ಮಾಡಲು ಯಾರಿಂದ ಆಗುತ್ತೆ?

ಇದರ ಜೊತೆಗೆ ಒಂದೇ ವಸ್ತು ಎರಡು ಸಲ ಸ್ಕ್ಯಾನ್ ಆಗುವುದು, ಮಾಮೂಲಿ ಟೊಮೆಟೊಗೆ ನಾಟಿ ಟೊಮೆಟೊ ಕೋಡ್ ಒತ್ತುವುದು, ಮೂರು ಕೊಂಡರೆ ಒಂದು ಉಚಿತ ಅಂದಲ್ಲಿ ನಾಲ್ಕಕ್ಕೂ ದುಡ್ಡು ಹಿಡಿಯುವುದು ಇದ್ದದ್ದೇ. ಇವೆಲ್ಲ ಬೇಕಂತಲೇ ಮಾಡುವ ಮೋಸ ಅಂತ ಹೇಳುತ್ತಿಲ್ಲ. ಬಹುಪಾಲು ಬರೀ ಅಸಡ್ಡೆ. ಆದರೆ ಒಂದು ವ್ಯತ್ಯಾಸ ಗಮನಿಸಿ. ಅಂಗಡಿಗೆ ನಷ್ಟವಾಗುವ ತಪ್ಪು ಸ್ಟಾಕ್ ತಾಳೆ ನೋಡುವಾಗ ಸಿಕ್ಕಿಬೀಳುತ್ತದೆ, ಅದನ್ನು ಹುಡುಕುವುದಕ್ಕೆ ಜನ ಇರುತ್ತಾರೆ. ಗ್ರಾಹಕರಿಗೆ ನಷ್ಟವಾಗುವ ತಪ್ಪನ್ನು ಹುಡುಕುವುದು ಅಂಗಡಿಯೊಳಗೆ ಯಾರ ಕೆಲಸವೂ ಅಲ್ಲ. ಆದ್ದರಿಂದಲೇ ಅದು ಉಳಿದುಕೊಳ್ಳುತ್ತದೆ.

ಲೆಕ್ಕಕ್ಕೆ ಅಂತ ಇಟ್ಟುಕೊಳ್ಳಿ: ದಿನಕ್ಕೆ 1,000 ಬಿಲ್ ಆಗುವ ಒಂದು ಅಂಗಡಿಯಲ್ಲಿ ಬಿಲ್‌ಗೆ ಸರಾಸರಿ 10 ರೂಪಾಯಿ ಹೆಚ್ಚು ಹೋದರೆ ವರ್ಷಕ್ಕೆ 36.5 ಲಕ್ಷ ರೂಪಾಯಿ. ನಿಮಗೆ ಹತ್ತು ರೂಪಾಯಿಗೆ ಜಗಳ ಯಾಕೆ ಅನಿಸುತ್ತದೆ. ಆ ಕಡೆಯವರಿಗೆ ಅದು 36.5 ಲಕ್ಷದ ಮಾತು.

ಎಂಆರ್‌ಪಿ ಅನ್ನೋ ಮೇಲ್ಮಿತಿ

ನಮ್ಮ ಕಾನೂನಿಗೆ ಚೆನ್ನಾಗಿ ಗೊತ್ತಿರುವ ಅಪರಾಧ ಒಂದೇ, ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಳ್ಳುವುದು. 2011ರ ಕಾನೂನು ಮಾಪನ ಶಾಸ್ತ್ರ ಪೊಟ್ಟಣ ಸಾಮಗ್ರಿ ನಿಯಮಗಳ ಪ್ರಕಾರ ಎಂಆರ್‌ಪಿ ಅಂದರೆ ಎಲ್ಲ ತೆರಿಗೆಯೂ ಸೇರಿದ ಗರಿಷ್ಠ ಬೆಲೆ. ಅದರ ಮೇಲೆ ಜಿಎಸ್‌ಟಿ ಅಂತ ಒಂದು ಪೈಸೆಯೂ ಸೇರಿಸುವಂತಿಲ್ಲ. ಅರ್ಧ ಬೆಲೆ ಅಂತ ಬೋರ್ಡ್ ಹಾಕಿ, ಇಳಿಸಿದ ಬೆಲೆ ಮೇಲೆ ತೆರಿಗೆ ಬೇರೆ ಅನ್ನುವುದು ಅನುಚಿತ ವ್ಯಾಪಾರ ಪದ್ಧತಿ ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2017ರಲ್ಲೇ, ಆಗಿನ ವ್ಯಾಟ್ ಕುರಿತ ಒಂದು ಶೂ ಕಂಪನಿಯ ಪ್ರಕರಣದಲ್ಲಿ ಹೇಳಿದೆ. ಒಂದೇ ವಸ್ತುವಿಗೆ ಮಾಲ್‌ನಲ್ಲಿ ಒಂದು ಎಂಆರ್‌ಪಿ, ಬೀದಿ ಅಂಗಡಿಯಲ್ಲಿ ಇನ್ನೊಂದು ಎಂಆರ್‌ಪಿ ಹಾಕುವುದನ್ನು 2018ರ ಜನವರಿಯಿಂದ ನಿಷೇಧಿಸಲಾಗಿದೆ.

ಇದೆಲ್ಲ ಸರಿ. ಆದರೆ ಸೂಪರ್‌ಮಾರ್ಕೆಟ್‌ನ ವ್ಯಾಪಾರ ನಡೆಯುವುದೇ ಎಂಆರ್‌ಪಿಯ ಕೆಳಗೆ. 240 ರೂಪಾಯಿ ಎಂಆರ್‌ಪಿಯ ಡಿಟರ್ಜೆಂಟ್ ಪ್ಯಾಕೆಟ್‌ಗೆ ರ‍್ಯಾಕ್‌ನಲ್ಲಿ 199 ಅಂತ ಚೀಟಿ ಇದೆ, ಬಿಲ್‌ನಲ್ಲಿ 225 ಬಂದಿದೆ ಅಂತಿಟ್ಟುಕೊಳ್ಳಿ. ನಿಮ್ಮಿಂದ 26 ರೂಪಾಯಿ ಹೆಚ್ಚು ಹೋಯಿತು. ಆದರೆ ತಪಾಸಣೆಗೆ ಬರುವ ಇನ್‌ಸ್ಪೆಕ್ಟರ್ ಕಣ್ಣಿಗೆ ಇಲ್ಲಿ ಮುಖ್ಯ ಉಲ್ಲಂಘನೆಯೇ ಕಾಣುವುದಿಲ್ಲ, ಯಾಕಂದ್ರೆ 225 ಎಂಆರ್‌ಪಿಗಿಂತ ಕಮ್ಮಿಯೇ ಇದೆ. ಬೆಲೆಯ ಬಗ್ಗೆ ಜನರನ್ನು ದಾರಿ ತಪ್ಪಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಅನುಚಿತ ವ್ಯಾಪಾರ ಪದ್ಧತಿ ಹೌದು. ಆದರೆ ಅದನ್ನು ನೀವೇ ದೂರು ಕೊಟ್ಟು, ನೀವೇ ಸಾಬೀತು ಮಾಡಬೇಕು. ಸಾಕ್ಷಿ ಆ ರ‍್ಯಾಕ್ ಚೀಟಿ. ನೀವು ವಾಪಸ್ ಹೋಗುವಷ್ಟರಲ್ಲಿ ಅದು ಅಲ್ಲಿರುತ್ತೆ ಅನ್ನುವ ಗ್ಯಾರಂಟಿ ಇಲ್ಲ.

ಕೆನಡಾದಲ್ಲಿ 2002ರಿಂದ ಚಿಲ್ಲರೆ ಮಾರಾಟ ಸಂಸ್ಥೆಗಳು ತಾವಾಗಿಯೇ ಒಪ್ಪಿಕೊಂಡ ಒಂದು ಸಂಹಿತೆ ಇದೆ. ಅದಕ್ಕೆ ಸೇರಿದ ಅಂಗಡಿಯಲ್ಲಿ ಕೌಂಟರ್‌ನ ಬೆಲೆ ರ‍್ಯಾಕ್ ಬೆಲೆಗಿಂತ ಹೆಚ್ಚು ಬಂದರೆ 10 ಡಾಲರ್ ಒಳಗಿನ ವಸ್ತು ಪೂರ್ತಿ ಉಚಿತ, ಅದಕ್ಕಿಂತ ದುಬಾರಿ ವಸ್ತುವಾದರೆ 10 ಡಾಲರ್ ಕಡಿತ ಅನ್ನುವ ಲೆಕ್ಕದಲ್ಲಿ ಅದು ಶುರುವಾಯಿತು. ಇದರ ಜಾಣತನ ನೋಡಿ. ತಪ್ಪಿನ ಖರ್ಚು ಗ್ರಾಹಕರಿಂದ ಅಂಗಡಿಗೆ ದಾಟುತ್ತದೆ. ಚೀಟಿ ಸರಿಯಾಗಿ ಅಂಟಿಸುವುದು ಅಂಗಡಿಗೇ ಲಾಭ ಆಗುತ್ತದೆ. ನಮ್ಮಲ್ಲಿ ತಪ್ಪು ತೋರಿಸಿದರೆ ಸಿಗುವುದು ಹೆಚ್ಚೆಂದರೆ ವ್ಯತ್ಯಾಸದ ಹಣ. ಅಂದರೆ ತಪ್ಪು ಮಾಡಿದವರಿಗೆ ನಷ್ಟವೇ ಇಲ್ಲ.

ಬಿಲ್‌ನ ಕೆಳಗೆ ದಪ್ಪ ಅಕ್ಷರದಲ್ಲಿ "ನೀವು ಉಳಿಸಿದ್ದು 412 ರೂಪಾಯಿ" ಅಂತ ಬರುತ್ತದಲ್ಲ, ಅದೂ ಇದೇ ಎಂಆರ್‌ಪಿ ಆಟ. ಆ ಉಳಿತಾಯವನ್ನು ಲೆಕ್ಕ ಹಾಕುವುದು ಎಂಆರ್‌ಪಿಯಿಂದ. ಎಂಆರ್‌ಪಿ ಎಷ್ಟು ಎತ್ತರ ಇರಬೇಕು ಅನ್ನುವುದಕ್ಕೆ, ಬೆಲೆ ನಿಯಂತ್ರಣ ಇರುವ ಔಷಧಿಯಂಥ ಕೆಲವನ್ನು ಬಿಟ್ಟರೆ, ಮಿತಿಯೇ ಇಲ್ಲ. ಆಸ್ಟ್ರೇಲಿಯಾದಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸ್ಪರ್ಧಾ ಆಯೋಗ ವೂಲ್‌ವರ್ತ್ಸ್ ಮತ್ತು ಕೋಲ್ಸ್ ಎಂಬ ಎರಡು ದೈತ್ಯ ಸರಪಳಿಗಳ ಮೇಲೆ ಮೊಕದ್ದಮೆ ಹೂಡಿತು. ಸ್ವಲ್ಪ ದಿನ ಬೆಲೆ ಏರಿಸಿ, ಆಮೇಲೆ ಹಳೇ ಬೆಲೆಗಿಂತ ಹೆಚ್ಚಿನ ಬೆಲೆಗೇ "ಇಳಿಕೆ" ಅಂತ ಬೋರ್ಡ್ ಹಾಕಿದರು ಅನ್ನುವುದು ಆರೋಪ. ಇಲ್ಲಿ ಅಂಥದ್ದೊಂದು ತನಿಖೆ ನಡೆಯಬೇಕಾದರೆ ಮೊದಲು ಯಾರಾದರೂ ಬೆಲೆಗಳನ್ನು ವಾರವಾರ ಬರೆದಿಟ್ಟುಕೊಂಡಿರಬೇಕು.

ತೆರಿಗೆ ಇಳಿಯಿತು, ಕಾವಲುಗಾರ ಎದ್ದು ಹೋದ

ಮತ್ತೆ ಜಿಎಸ್‌ಟಿಗೆ ಬರೋಣ. ಮೊದಲು ಲೆಕ್ಕ. ತೆರಿಗೆ 18%ರಿಂದ 5%ಕ್ಕೆ ಇಳಿದರೆ ಬೆಲೆ 13% ಇಳಿಯುವುದಿಲ್ಲ. 100 ರೂಪಾಯಿಯ ವಸ್ತು ತೆರಿಗೆ ಸೇರಿ 118 ಇದ್ದದ್ದು 105 ಆಗಬೇಕು, ಅಂದರೆ ಎಂಆರ್‌ಪಿಯಲ್ಲಿ ಸುಮಾರು 11% ಇಳಿಕೆ. 12%ರಿಂದ 5%ಕ್ಕೆ ಆದರೆ 112 ಇದ್ದದ್ದು 105, ಅಂದರೆ 6.25%. ಈ ಎರಡು ಅಂಕಿ ನೆನಪಿಟ್ಟುಕೊಂಡರೆ ಸಾಕು, ಹಳೇ ಬಿಲ್ ಪಕ್ಕ ಹೊಸ ಬಿಲ್ ಇಟ್ಟು ಯಾರು ಬೇಕಾದರೂ ತಾಳೆ ನೋಡಬಹುದು.

ನಂದಿನಿ ತುಪ್ಪವನ್ನೇ ತೆಗೆದುಕೊಳ್ಳಿ. ಲೀಟರ್‌ಗೆ 650 ಇದ್ದದ್ದು ಸೆಪ್ಟೆಂಬರ್ 22ಕ್ಕೆ 610 ಆಯಿತು. ಲೆಕ್ಕ ಹಾಕಿದರೆ 609 ಚಿಲ್ಲರೆ ಬರಬೇಕು, ಅಂದರೆ ಕೆಎಂಎಫ್ ಪ್ರಾಮಾಣಿಕವಾಗಿಯೇ ಇಳಿಸಿತು. ಆದರೆ ನವೆಂಬರ್ ಮೊದಲ ವಾರ ಅದೇ ತುಪ್ಪ 700 ಆಯಿತು. ಬೇಡಿಕೆ, ಉತ್ಪಾದನಾ ವೆಚ್ಚ ಎಂಬ ಕಾರಣಗಳಿರಬಹುದು, ಹಾಲು ಹಾಕುವ ರೈತರ ಪಾಲೂ ಮುಖ್ಯವೇ. ಆದರೆ ಗ್ರಾಹಕರ ಕೈಯಲ್ಲಿ ತೆರಿಗೆ ಇಳಿಕೆಯ ಫಲ ಉಳಿದದ್ದು ಆರು ವಾರ. ಸಾರ್ವಜನಿಕ ಸಹಕಾರಿ ಸಂಸ್ಥೆಯ ಬೆಲೆ ಆದ್ದರಿಂದ ಇದು ಸುದ್ದಿಯಾಯಿತು, ಚರ್ಚೆಯಾಯಿತು. ಖಾಸಗಿ ಕಂಪನಿಯ ಶಾಂಪೂ ಇದೇ ರೀತಿ ಮಾಡಿದರೆ ಯಾವ ಟಿವಿಯಲ್ಲೂ ಬರುವುದಿಲ್ಲ.

ಅದನ್ನು ನೋಡಿಕೊಳ್ಳಲು ಅಂತಲೇ ಒಂದು ವ್ಯವಸ್ಥೆ ಇತ್ತು. ತೆರಿಗೆ ಇಳಿದರೆ ಅದಕ್ಕೆ ತಕ್ಕಂತೆ ಬೆಲೆಯೂ ಇಳಿಯಲೇಬೇಕು ಅಂತ ಜಿಎಸ್‌ಟಿ ಕಾಯ್ದೆಯ 171ನೇ ಸೆಕ್ಷನ್ ಹೇಳುತ್ತದೆ. ಅದನ್ನು ಜಾರಿ ಮಾಡಲು 2017ರಲ್ಲಿ ಲಾಭಕೋರತನ ತಡೆ ಪ್ರಾಧಿಕಾರ ರಚನೆಯಾಯಿತು. 2018ರ ಡಿಸೆಂಬರ್‌ನಲ್ಲಿ ಹಿಂದೂಸ್ತಾನ್ ಯೂನಿಲಿವರ್ ಕಂಪನಿ 383 ಕೋಟಿ ರೂಪಾಯಿಯಷ್ಟು ತೆರಿಗೆ ಲಾಭವನ್ನು ಗ್ರಾಹಕರಿಗೆ ದಾಟಿಸಿಲ್ಲ ಅಂತ ಅದು ಆದೇಶ ಹೊರಡಿಸಿತು, ಕಂಪನಿ ಅದನ್ನು ದೆಹಲಿ ಹೈಕೋರ್ಟ್‌ನಲ್ಲಿ ಪ್ರಶ್ನಿಸಿತು. 2024ರ ಜನವರಿಯಲ್ಲಿ ಅದೇ ಹೈಕೋರ್ಟ್ 171ನೇ ಸೆಕ್ಷನ್ ಸಂವಿಧಾನಬದ್ಧ ಅಂತ ಎತ್ತಿಹಿಡಿಯಿತು.

ಆಮೇಲೆ ಆದದ್ದು ವಿಚಿತ್ರ. ಪ್ರಾಧಿಕಾರದ ಕೆಲಸ 2022ರ ಡಿಸೆಂಬರ್‌ನಲ್ಲಿ ಸ್ಪರ್ಧಾ ಆಯೋಗಕ್ಕೆ ಹೋಯಿತು, 2024ರ ಅಕ್ಟೋಬರ್‌ನಲ್ಲಿ ಜಿಎಸ್‌ಟಿ ನ್ಯಾಯಮಂಡಳಿಗೆ ಹೋಯಿತು. 2025ರ ಏಪ್ರಿಲ್ 1ರಿಂದ ಹೊಸ ದೂರು ಸ್ವೀಕರಿಸುವುದನ್ನೇ ನಿಲ್ಲಿಸಲಾಯಿತು. ಜಿಎಸ್‌ಟಿ ಇತಿಹಾಸದಲ್ಲೇ ದೊಡ್ಡ ದರ ಇಳಿಕೆ ಬಂದದ್ದು ಅದಾದ ಆರು ತಿಂಗಳೊಳಗೆ. ಮನೆಗೆ ಒಡವೆ ಬರುವ ಮುಂಚೆ ಕಾವಲುಗಾರನಿಗೆ ರಜೆ ಕೊಟ್ಟು ಕಳಿಸಿದ ಹಾಗಾಯಿತು.

ಸರ್ಕಾರ 54 ವಸ್ತುಗಳ ಬೆಲೆಯ ಮೇಲೆ ಕಣ್ಣಿಡಲು ತೆರಿಗೆ ಅಧಿಕಾರಿಗಳಿಗೆ ಹೇಳಿತು. ಗ್ರಾಹಕ ಸಹಾಯವಾಣಿಗೆ ದೂರು ಕೊಡಿ ಅಂದಿತು. ಅದೇ ಹೊತ್ತಿಗೆ, ಅಂಗಡಿಯಲ್ಲಿರುವ ಹಳೇ ದಾಸ್ತಾನಿಗೆ ಹೊಸ ಬೆಲೆಯ ಸ್ಟಿಕ್ಕರ್ ಅಂಟಿಸುವುದು ಕಡ್ಡಾಯವಲ್ಲ, ಇಷ್ಟವಿದ್ದರೆ ಅಂಟಿಸಬಹುದು ಅಂತಲೂ ಹೇಳಿತು. ವ್ಯಾಪಾರಿಗಳಿಗೆ ತೊಂದರೆ ತಪ್ಪಿಸಲು ಇದು ಬೇಕಿತ್ತೇನೋ. ಆದರೆ ಪರಿಣಾಮ ಏನು? ಪ್ಯಾಕೆಟ್ ಮೇಲೆ ಹಳೇ ಬೆಲೆ, ಕಂಪ್ಯೂಟರ್‌ನಲ್ಲಿ ಯಾವ ಬೆಲೆಯೋ. ಗ್ರಾಹಕರ ಕೈಯಲ್ಲಿದ್ದ ಒಂದೇ ಅಳತೆಗೋಲು ಅಂದರೆ ಪ್ಯಾಕೆಟ್ ಮೇಲಿನ ಎಂಆರ್‌ಪಿ, ಅದೂ ಆ ತಿಂಗಳುಗಳಲ್ಲಿ ಕೆಲಸಕ್ಕೆ ಬಾರದಂತಾಯಿತು.

5 ರೂಪಾಯಿ, 10 ರೂಪಾಯಿಯ ಸಣ್ಣ ಪ್ಯಾಕೆಟ್‌ಗಳ ಕತೆ ಇನ್ನೂ ಸೂಕ್ಷ್ಮ. 5 ರೂಪಾಯಿಯ ಬಿಸ್ಕತ್ತು 4 ರೂಪಾಯಿ 45 ಪೈಸೆ ಆದರೆ ಚಿಲ್ಲರೆ ಎಲ್ಲಿಂದ ತರೋದು? ಅದಕ್ಕೇ ಬೆಲೆ ಹಾಗೇ ಇಟ್ಟು ಗ್ರಾಂ ಹೆಚ್ಚಿಸುತ್ತೇವೆ ಅಂತ ಕಂಪನಿಗಳು ಹೇಳಿದವು. ಹೆಚ್ಚಿಸಿದರಾ ಅಂತ ಬಿಲ್ ನೋಡಿ ತಿಳಿಯುವುದಿಲ್ಲ. ಪ್ಯಾಕೆಟ್‌ನ ತೂಕದ ಅಂಕಿಯನ್ನೇ ನೋಡಬೇಕು. ಬಡವರು ಹೆಚ್ಚು ಕೊಳ್ಳುವುದು ಇಂಥ ಸಣ್ಣ ಪ್ಯಾಕೆಟ್‌ಗಳನ್ನೇ ಅನ್ನುವುದನ್ನು ಮರೆಯಬಾರದು. ಅವರಲ್ಲಿ ಬಹಳಷ್ಟು ಜನರಿಗೆ ಬಿಲ್ಲೇ ಸಿಗುವುದಿಲ್ಲ.

20 ರೂಪಾಯಿ ಚೀಲಕ್ಕೆ ಒಂದು ವರ್ಷ

ಹಾಗಾದರೆ ದೂರು ಕೊಟ್ಟರೆ ಏನಾಗುತ್ತದೆ? 2022ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಐಕಿಯಾ ಮಳಿಗೆಯಲ್ಲಿ ಒಬ್ಬ ಗ್ರಾಹಕರಿಗೆ ಕಂಪನಿಯ ಲೋಗೊ ಇದ್ದ ಕಾಗದದ ಚೀಲಕ್ಕೆ 20 ರೂಪಾಯಿ ಹಾಕಿದರು. ಅವರು ಗ್ರಾಹಕ ಆಯೋಗಕ್ಕೆ ಹೋದರು. 2023ರ ಅಕ್ಟೋಬರ್‌ನಲ್ಲಿ ಆದೇಶ ಬಂತು. ಚೀಲದ 20 ರೂಪಾಯಿ ವಾಪಸ್ ಮಾಡುವುದರ ಜೊತೆಗೆ ಪರಿಹಾರ ಮತ್ತು ದಾವೆಯ ಖರ್ಚು ಸೇರಿ 3,000 ರೂಪಾಯಿ ಕೊಡಬೇಕು ಅಂತ. ಬಿಗ್ ಬಜಾರ್ ಪ್ರಕರಣದಲ್ಲಿ ರಾಷ್ಟ್ರೀಯ ಆಯೋಗ 2020ರ ಡಿಸೆಂಬರ್‌ನಲ್ಲೇ ಹೇಳಿತ್ತು: ಮೊದಲೇ ತಿಳಿಸದೆ, ಬಿಲ್ ಹಾಕುವ ಹೊತ್ತಿನಲ್ಲಿ ಚೀಲಕ್ಕೆ ದುಡ್ಡು ಕೇಳುವುದು ಅನುಚಿತ ವ್ಯಾಪಾರ ಪದ್ಧತಿ.

ಗೆದ್ದವರು ಒಬ್ಬರು, ಅವರಿಗೆ ಸಿಕ್ಕಿದ್ದು 3,000. ಅದೇ ವರ್ಷ ಅದೇ ಥರ ಚೀಲಕ್ಕೆ ದುಡ್ಡು ಕೊಟ್ಟ ಉಳಿದವರಿಗೆ ಆ ಆದೇಶದಿಂದ ಏನೂ ಸಿಗಲಿಲ್ಲ. ನಮ್ಮ ವ್ಯವಸ್ಥೆಯ ನಿಜವಾದ ದೋಷ ಇದು. ನಷ್ಟ ಲಕ್ಷಾಂತರ ಜನರಿಗೆ ಹಂಚಿಹೋಗಿರುತ್ತದೆ, ನ್ಯಾಯ ಮಾತ್ರ ಒಬ್ಬೊಬ್ಬರೇ ಹೋಗಿ ತರಬೇಕು. ಕಾಯ್ದೆಯಲ್ಲಿ ಇದಕ್ಕೆ ದಾರಿ ಇಲ್ಲವೆಂದಲ್ಲ. ಒಂದೇ ಬಗೆಯ ನಷ್ಟ ಆದವರ ಪರವಾಗಿ, ಆಯೋಗದ ಅನುಮತಿ ಪಡೆದು, ಒಬ್ಬರೇ ದೂರು ಹೂಡಬಹುದು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಎಲ್ಲ ಗ್ರಾಹಕರ ಪರವಾಗಿ ತಾನೇ ಕ್ರಮ ಕೈಗೊಳ್ಳಬಹುದು. ಹೋಟೆಲ್‌ಗಳ ಸೇವಾ ಶುಲ್ಕದ ವಿಷಯದಲ್ಲಿ ಅದು 2022ರಲ್ಲಿ ಮಾಡಿದ್ದೂ ಅದನ್ನೇ. ಸೂಪರ್‌ಮಾರ್ಕೆಟ್ ಬಿಲ್‌ಗಳಿಗೂ ಅಂಥದ್ದೇ ಮಾರ್ಗಸೂಚಿ ಯಾಕೆ ಆಗಬಾರದು?

ಹತ್ತು ನಿಮಿಷದಲ್ಲಿ ಮನೆಗೆ ತಂದುಕೊಡುವ ಆಪ್‌ಗಳ ಬಿಲ್ ಕೂಡ ಇದೇ ಜಾತಿ. ಹಾಲು ಎಂಆರ್‌ಪಿಗೇ ಇರುತ್ತದೆ. ಕೊನೆಯ ಪರದೆಯಲ್ಲಿ ಹ್ಯಾಂಡ್ಲಿಂಗ್ ಶುಲ್ಕ, ಸಣ್ಣ ಆರ್ಡರ್ ಶುಲ್ಕ, ಮಳೆ ಶುಲ್ಕ ಒಂದೊಂದಾಗಿ ಸೇರುತ್ತವೆ. ಹೀಗೆ ಕೊನೆಯಲ್ಲಿ ಬೆಲೆ ಏರಿಸುವುದನ್ನೂ, ಕೇಳದೆ ಬುಟ್ಟಿಗೆ ವಸ್ತು ಸೇರಿಸುವುದನ್ನೂ 2023ರ ನವೆಂಬರ್‌ನ ಮಾರ್ಗಸೂಚಿ 13 ಮೋಸದ ವಿನ್ಯಾಸಗಳ ಪಟ್ಟಿಯಲ್ಲಿ ಹಾಕಿದೆ. ನಾವು ಮಾತ್ರ ಒಟ್ಟು ಮೊತ್ತ ನೋಡದೆ ಪೇ ಒತ್ತುತ್ತೇವೆ.

ಏನು ನೋಡಬೇಕು, ಎಲ್ಲಿ ಕೇಳಬೇಕು

ಆಫರ್ ಇರುವ ವಸ್ತು ತೆಗೆದುಕೊಳ್ಳುವಾಗ ರ‍್ಯಾಕ್ ಚೀಟಿಯ ಫೋಟೊ ತೆಗೆದುಕೊಳ್ಳಿ. ಚೀಟಿಯಲ್ಲಿ ಬರೆದ ತೂಕ, ನೀವು ಎತ್ತಿಕೊಂಡ ಪ್ಯಾಕೆಟ್‌ನ ತೂಕ ಒಂದೇನಾ ನೋಡಿ, ಬಹಳ ಸಲ ಆಫರ್ ಇರುವುದು ಪಕ್ಕದ ಸೈಜ್‌ಗೆ. ತರಕಾರಿ ತೂಗುವಾಗ ಚೀಲ, ಡಬ್ಬದ ತೂಕ ಕಳೆದಿದ್ದಾರಾ ಗಮನಿಸಿ, ದುಡ್ಡು ಕೊಡುವುದು ಒಳಗಿನ ಪದಾರ್ಥಕ್ಕೆ ಮಾತ್ರ.

ಬಿಲ್ ಬಂದ ಮೇಲೆ ಕೌಂಟರ್ ಬಿಟ್ಟು ನಾಲ್ಕು ಹೆಜ್ಜೆ ಪಕ್ಕಕ್ಕೆ ಬಂದು, ಅಂಗಡಿಯೊಳಗೇ ನಿಂತು ನೋಡಿ. ಮೊದಲು ವಸ್ತುಗಳ ಸಂಖ್ಯೆ, ಚೀಲದಲ್ಲಿರುವುದಕ್ಕೂ ಬಿಲ್‌ಗೂ ತಾಳೆ ಆಗಬೇಕು. ಆಮೇಲೆ ಬಿಲ್‌ನ ಎಂಆರ್‌ಪಿ ಕಾಲಂ ಮತ್ತು ಪ್ಯಾಕೆಟ್‌ನ ಎಂಆರ್‌ಪಿ. ಆಮೇಲೆ ಆಫರ್ ಇದ್ದವು. ಕೊನೆಗೆ ಚೀಲ, ದೇಣಿಗೆ, ಇತರೆ ಅಂತ ಏನಾದರೂ ಸೇರಿದೆಯಾ. ಇಷ್ಟಕ್ಕೆ ಎರಡು ನಿಮಿಷ ಸಾಕು. ಥರ್ಮಲ್ ಕಾಗದದ ಅಕ್ಷರ ಕೆಲವೇ ತಿಂಗಳಲ್ಲಿ ಅಳಿಸಿಹೋಗುತ್ತದೆ, ಅದಕ್ಕೇ ಬಿಲ್‌ನ ಫೋಟೊ ಇರಲಿ.

ಬಿಲ್ ಕೊಡದಿರುವುದೇ 2019ರ ಕಾಯ್ದೆಯಡಿ ಅನುಚಿತ ವ್ಯಾಪಾರ ಪದ್ಧತಿ. ದೋಷ ಇರುವ ವಸ್ತುವನ್ನು ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ ವಾಪಸ್ ತೆಗೆದುಕೊಳ್ಳದಿರುವುದೂ ಹಾಗೇ. "ಮಾರಿದ ವಸ್ತು ವಾಪಸ್ ಪಡೆಯುವುದಿಲ್ಲ" ಅನ್ನುವ ಬೋರ್ಡ್ ಇದಕ್ಕೆ ಅಡ್ಡ ಬರುವುದಿಲ್ಲ. ಬಿಲ್ ಹಾಕಲು ಮೊಬೈಲ್ ನಂಬರ್ ಕೊಡಲೇಬೇಕು ಅಂತ ಒತ್ತಾಯಿಸಬೇಡಿ ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಅಂಗಡಿಗಳಿಗೆ ಹೇಳಿದೆ. ಚಿಲ್ಲರೆ ಬದಲು ಚಾಕೊಲೇಟ್ ಕೊಟ್ಟರೆ ಬೇಡ ಅನ್ನುವ ಹಕ್ಕು ನಿಮಗಿದೆ.

ಅಂಗಡಿ ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಎಂಆರ್‌ಪಿ ಮೀರಿದ್ದರೆ, ತೂಕ ಕಮ್ಮಿ ಇದ್ದರೆ ರಾಜ್ಯದ ಕಾನೂನು ಮಾಪನ ಶಾಸ್ತ್ರ ಇಲಾಖೆ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷದವರೆಗಿನ ದೂರಿಗೆ ಶುಲ್ಕ ಇಲ್ಲ, ವಕೀಲರು ಕಡ್ಡಾಯವಲ್ಲ, ಆನ್‌ಲೈನ್‌ನಲ್ಲೇ ಸಲ್ಲಿಸಬಹುದು.

ಒಂದು ಮಾತು ನೆನಪಿರಲಿ. ಕೌಂಟರ್‌ನಲ್ಲಿ ಇಡೀ ದಿನ ನಿಂತು ಸ್ಕ್ಯಾನ್ ಮಾಡುವ ಹುಡುಗಿ ಆ ಬೆಲೆ ನಿಗದಿ ಮಾಡಿಲ್ಲ, ಆ ಚೀಟಿಯನ್ನೂ ಅಂಟಿಸಿಲ್ಲ. ಬಿಲ್ ತಿದ್ದುವ ಅಧಿಕಾರವೂ ಬಹುತೇಕ ಕಡೆ ಆಕೆಗಿಲ್ಲ, ಸೂಪರ್‌ವೈಸರ್ ಬಂದು ಪಾಸ್‌ವರ್ಡ್ ಹಾಕಬೇಕು. ಆಕೆ ಮೇಲೆ ರೇಗಿದರೆ ಕಂಪನಿಗೆ ಏನೂ ಆಗುವುದಿಲ್ಲ. ಪ್ರಶ್ನೆ ಹೋಗಬೇಕಾದ್ದು ಮ್ಯಾನೇಜರ್‌ಗೆ, ಬರಹದಲ್ಲಿ.

ಕೇಳಬೇಕಾದ್ದು ಮೂರು

ಎಲ್ಲರೂ ಬಿಲ್ ನೋಡಿಕೊಳ್ಳಿ ಅಂತ ಹೇಳಿ ಮುಗಿಸಿದರೆ ಅದು ಅರ್ಧ ಮಾತು. ಓದು ಬಾರದವರು, ಸಣ್ಣ ಅಕ್ಷರ ಕಾಣದ ಹಿರಿಯರು, ಕೆಲಸ ಮುಗಿಸಿ ಬಸ್ ಹಿಡಿಯುವ ಅವಸರದಲ್ಲಿರುವವರು ಏನು ಮಾಡಬೇಕು? ಅವರ ಪರವಾಗಿ ನೋಡುವುದಕ್ಕೇ ಅಲ್ಲವೇ ಸರ್ಕಾರ ಇರುವುದು.

ಮೊದಲನೆಯದು, ರ‍್ಯಾಕ್ ಬೆಲೆಗಿಂತ ಬಿಲ್ ಬೆಲೆ ಹೆಚ್ಚಿದ್ದರೆ ಅದನ್ನೂ ಎಂಆರ್‌ಪಿ ಉಲ್ಲಂಘನೆಯಂತೆ ತಪಾಸಣೆಯ ವ್ಯಾಪ್ತಿಗೆ ತರಬೇಕು, ತಪ್ಪಾದಾಗ ಆ ವಸ್ತು ಉಚಿತ ಅನ್ನುವ ನಿಯಮ ದೊಡ್ಡ ಸರಪಳಿ ಅಂಗಡಿಗಳಿಗಾದರೂ ಬೇಕು. ಎರಡನೆಯದು, 171ನೇ ಸೆಕ್ಷನ್ ಅಡಿ ದೂರು ಸ್ವೀಕರಿಸುವ ಬಾಗಿಲು ಮತ್ತೆ ತೆರೆಯಬೇಕು. ಇಳಿಕೆಯ ಜಾಹೀರಾತಿಗೆ ದುಡ್ಡಿರುವ ಸರ್ಕಾರಕ್ಕೆ ಇಳಿಕೆ ತಲುಪಿತೇ ಅಂತ ನೋಡುವುದಕ್ಕೂ ದುಡ್ಡಿರಬೇಕು. ಮೂರನೆಯದು, ಬಿಲ್ ಕನ್ನಡದಲ್ಲೂ ಇರಬೇಕು. ಕರ್ನಾಟಕದಲ್ಲಿ ಅಂಗಡಿಯ ಬೋರ್ಡ್‌ನಲ್ಲಿ ಕನ್ನಡ 60% ಇರಬೇಕು ಅಂತ 2024ರಲ್ಲಿ ಕಾನೂನು ತಂದೆವು. ಬೋರ್ಡ್ ಓದುವುದು ಒಳಗೆ ಹೋಗುವಾಗ, ಬಿಲ್ ಓದುವುದು ದುಡ್ಡು ಕೊಡುವಾಗ. ಯಾವುದು ನಮಗೆ ಹೆಚ್ಚು ಅರ್ಥವಾಗಬೇಕು?

ಅಲ್ಲಿಯವರೆಗೆ ಹಾಸ್ಟೆಲ್‌ನಲ್ಲಿ, ಅಪಾರ್ಟ್‌ಮೆಂಟ್‌ನಲ್ಲಿ, ಸ್ತ್ರೀಶಕ್ತಿ ಸಂಘದಲ್ಲಿ ಹತ್ತು ಜನ ಸೇರಿ ಒಂದು ತಿಂಗಳ ಬಿಲ್‌ಗಳನ್ನು ಒಟ್ಟಿಗೆ ಇಟ್ಟು ನೋಡಿ. ಒಬ್ಬರ ಬಿಲ್‌ನಲ್ಲಿ ಇದ್ದರೆ ಅದು ಕೈತಪ್ಪು. ಹತ್ತು ಜನರ ಬಿಲ್‌ನಲ್ಲೂ ಅದೇ ವಸ್ತುವಿಗೆ ಅದೇ ತಪ್ಪು ಇದ್ದರೆ ಅದು ದೂರು.